ತಟ್ಟೆ ನಡುವೆ, ನಾವು ಸುತ್ತ

11.40ಕ್ಕೆ ಗಂಟೆ ಬಾರಿಸಿತೆಂದರೆ ನನ್ನ ತರಗತಿ ಒಂದೇ ಉಸಿರಿಗೆ ಎದ್ದು ನಿಲ್ಲುತ್ತದೆ. ಬೋರ್ಡಿನ ಮೇಲೆ ಕಲನಶಾಸ್ತ್ರದ ಲೆಕ್ಕ ಅರ್ಧಕ್ಕೇ ನಿಂತಿರುತ್ತದೆ. ಹುಡುಗರ ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಮೆಟ್ಟಿಲ ಮೇಲೆ ಧಡಧಡ ಸದ್ದು ಏಳುತ್ತದೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ನಾಲ್ಕಂತಸ್ತಿನ ಕಟ್ಟಡ ಬಿಕೋ ಅನ್ನುತ್ತದೆ. ನಾನು ಸೀಮೆಸುಣ್ಣದ ಪುಡಿ ಕೊಡವಿಕೊಂಡು ಕೆಳಗಿಳಿದರೆ ಗೇಟಿನ ಕಾವಲುಗಾರರು, ಅರವತ್ತು ದಾಟಿದ ಹಿರಿಯರು, ಚಹಾ ಎಲೆ ತೇಲುವ ಗಾಜಿನ ಬಾಟಲಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳುತ್ತಾರೆ: “ಲಾವ್‌ಶಿ, ಚೀ ಲ ಮಾ?”

ಮೇಷ್ಟ್ರೇ, ಊಟ ಆಯ್ತಾ?

ಕುನ್ಮಿಂಗ್‌ಗೆ ಬಂದ ಹೊಸತರಲ್ಲಿ ನನ್ನ ನಾಲಿಗೆಗೆ ಸಲೀಸಾಗಿ ಹತ್ತಿದ ಮೊದಲ ಚೀನೀ ಮಾತು ಇದು. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದ ಪರಿಚಯದವರು ಕೇಳುವುದೂ ಇದನ್ನೇ. ಕೇಳಿದವರಿಗೆ ಊಟದ ವಿವರ ಬೇಕಿರುವುದಿಲ್ಲ, ಹೇಳುವವರಿಗೂ ಅದನ್ನು ಬಿಡಿಸಿ ಹೇಳುವ ಮನಸ್ಸಿರುವುದಿಲ್ಲ. ‘ಆಯ್ತು, ನಿಮ್ದು?’ ಅಂದರೆ ಸಾಕು, ಇಬ್ಬರಿಗೂ ಹಗುರ. ಮಾತೇ ಬಾರದ ಊರಿನಲ್ಲಿ, ಹೆಸರು ಗೊತ್ತಿಲ್ಲದ ಹಿರಿಯರೊಬ್ಬರು ದಿನಾ ನನ್ನ ಊಟ ವಿಚಾರಿಸಿಕೊಳ್ಳುತ್ತಾರೆ ಅನ್ನುವುದು ಆ ಮೊದಲ ತಿಂಗಳು ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ.

ಊಟದ ಹೊತ್ತಿಗೆ ಹೊಂದಿಕೊಳ್ಳಲು ಮಾತ್ರ ದಿನ ಹಿಡಿಯಿತು. ಇಡೀ ಚೀನಾ ಬೀಜಿಂಗಿನ ಗಡಿಯಾರಕ್ಕೆ ನಡೆಯುತ್ತದೆ. ಕುನ್ಮಿಂಗ್ ಇರುವುದು ಬೀಜಿಂಗಿಗಿಂತ ಎಷ್ಟೋ ಪಶ್ಚಿಮಕ್ಕೆ, ಯುನ್ನಾನ್ ಪ್ರಾಂತ್ಯದಲ್ಲಿ. ಇಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಒಂದು ಗಂಟೆ ದಾಟಿರುತ್ತದೆ. ಹಾಗಾಗಿ 11.40ರ ಊಟ ಬಿಸಿಲಿನ ಲೆಕ್ಕದಲ್ಲಿ ಹತ್ತೂವರೆಯ ಊಟ. ಚಳಿಗಾಲದಲ್ಲಿ ಎಂಟಕ್ಕೆ ಪಾಠ ಶುರುವಾಗುವಾಗ ಕಿಟಕಿಯಾಚೆ ಆಗಷ್ಟೇ ಸೂರ್ಯ ಹುಟ್ಟುವ ಹೊತ್ತು. ನಾನು ಅನ್ನದ ತಟ್ಟೆ ಮುಂದೆ ಕೂತಾಗ ಊರಿನಲ್ಲಿ 9.10, ಅಮ್ಮ ಆಗಷ್ಟೇ ದೋಸೆ ಕಾವಲಿ ಇಳಿಸಿರುತ್ತಾರೆ.

ಕುನ್ಮಿಂಗ್ ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ ಅದಕ್ಕಿಂತ ತುಸುವೇ ಎತ್ತರ. ಆ ತುದಿಯನ್ನು ಚಪ್ಪಟೆಯಾಗಿ ಹಾಸಿ ಮೇಲೊಂದು ಮಹಾನಗರ, ಪಕ್ಕದಲ್ಲಿ ದಿಯೆನ್‌ಚಿ ಅನ್ನುವ ದೊಡ್ಡ ಸರೋವರ ಇಟ್ಟರೆ ಹೇಗೋ ಹಾಗೆ. ವರ್ಷವಿಡೀ ಹಿತವಾದ ಹವೆ. ‘ವಸಂತದ ಊರು’ ಅಂತಲೇ ಇದಕ್ಕೆ ಹೆಸರು. ಈ ಎತ್ತರದಲ್ಲಿ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿಟ್ಟ ಬೇಳೆ ಎಷ್ಟು ಹೊತ್ತಾದರೂ ಕರಗುವುದಿಲ್ಲ. ಕಡಿಮೆಯಾದ ಈ ಆರು ಡಿಗ್ರಿಯ ಮಾತು ಮುಂದೆ ಅಣಬೆಯ ಪ್ರಸಂಗದಲ್ಲಿ ಮತ್ತೆ ಬರುತ್ತದೆ.

ಹೊರದೇಶದಿಂದ ಬಂದ ಮೇಷ್ಟರನ್ನು ಇಲ್ಲಿ ‘ವಾಯ್‌ಜಿಯಾವ್’ ಅನ್ನುತ್ತಾರೆ. ‘ವಾಯ್’ ಎಂದರೆ ಹೊರಗೆ. ಬಂದ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ವಾಸದ ವಿಳಾಸ ಬರೆಸಬೇಕು, ಆಸ್ಪತ್ರೆಯಲ್ಲಿ ರಕ್ತ, ಎಕ್ಸ್‌ರೇ ಎಲ್ಲ ಮುಗಿಸಬೇಕು, ಕೆಲಸದ ಪರವಾನಗಿ, ವಾಸದ ಪರವಾನಗಿ ಅಂತ ಕಾಗದಗಳ ಸಾಲು. ಅದು ಒಂದು ತಿಂಗಳ ಓಡಾಟ. ಆಮೇಲೆ ಎಲ್ಲವೂ ಫೋನಿನೊಳಗೆ. ನೋಟು ಹಿಡಿದು ಅಂಗಡಿಗೆ ಹೋಗುವವರು ಅಪರೂಪ. ತರಕಾರಿ ಗಾಡಿಗೂ ಒಂದು ಕ್ಯೂಆರ್ ಚೌಕ ತೂಗುಹಾಕಿರುತ್ತದೆ, ಹೋಟೆಲಿನ ಮೇಜಿಗೂ ಒಂದು ಅಂಟಿಸಿರುತ್ತದೆ.

ಹೊರಗಿನದಕ್ಕೆ ಚೀನಿಯಲ್ಲಿ ಇನ್ನೊಂದು ಹಳೆಯ ಪದವಿದೆ: ‘ಯಾಂಗ್’. ಮೂಲದಲ್ಲಿ ಸಾಗರ ಎಂಬ ಅರ್ಥ. ಸಾಗರದಾಚೆಯಿಂದ ಬಂದದ್ದೆಲ್ಲ ಯಾಂಗ್. ಸೀಮೆಎಣ್ಣೆಗೆ ‘ಯಾಂಗ್‌ಯೋ’ ಅನ್ನುತ್ತಿದ್ದರಂತೆ, ಯಾಂಗ್‌ನ ಎಣ್ಣೆ. ಅದನ್ನು ಕೇಳಿದ ದಿನ ನನಗೆ ರೋಮಾಂಚನವಾಯಿತು. ನಾವು ಸೀಮೆ ಅಂದಲ್ಲೆಲ್ಲ ಇವರು ಯಾಂಗ್ ಅನ್ನುತ್ತಾರೆ! ಸಂತೆಗೆ ಹೋದರೆ ಸೀಮೆಬದನೆಕಾಯಿಯ ರಾಶಿ. ಯುನ್ನಾನಿನವರು ಅದಕ್ಕೂ ಯಾಂಗ್ ಸೇರಿಸಿ ‘ಸೀಮೆ ಹೀರೆ’ ಎನ್ನುತ್ತಾರೆ. ಅದರ ಎಳೆ ಕುಡಿಗಳನ್ನು ಬಳ್ಳಿಯ ಸುರುಳಿಯ ಸಮೇತ ಕಟ್ಟು ಕಟ್ಟಿ ಮಾರುತ್ತಾರೆ, ‘ಡ್ರ್ಯಾಗನ್ನಿನ ಮೀಸೆ’ ಅಂತ ಹೆಸರಿಟ್ಟು. ಆಲೂಗಡ್ಡೆ ಇಲ್ಲಿ ‘ಯಾಂಗ್‌ಯೂ’, ಸೀಮೆ ಕೆಸುವಿನಗಡ್ಡೆ. ಅದನ್ನು ಬೇಯಿಸಿ, ಒಣಮೆಣಸು ಮತ್ತು ಹುಳಿ ಬರಿಸಿದ ಸೊಪ್ಪಿನ ಜೊತೆ ಬಾಣಲೆಯಲ್ಲಿ ಕೆದಕಿ ಮಾಡುವ ಪಲ್ಯಕ್ಕೆ ‘ಅಜ್ಜಿಯ ಆಲೂಗಡ್ಡೆ’ ಎನ್ನುತ್ತಾರೆ. ಹಲ್ಲಿಲ್ಲದ ಅಜ್ಜಿಯೂ ತಿನ್ನಬಹುದಾದಷ್ಟು ಮೆತ್ತಗೆ. ಮಸಾಲೆ ದೋಸೆಯೊಳಗಿಂದ ಎದ್ದುಬಂದಂತಿರುವ ಆ ಪಲ್ಯವನ್ನು ಮೊದಲ ತುತ್ತು ತಿಂದಾಗ ನಾನು ತಲೆ ಎತ್ತಿ ಅಡುಗೆಮನೆಯ ಕಡೆ ನೋಡಿದ್ದೆ, ನಮ್ಮವರು ಯಾರಾದರೂ ಇದ್ದಾರೇನೋ ಅಂತ.

ಬೆಳಗಿನ ತಿಂಡಿ ಬೀದಿಯಲ್ಲೇ. ಕಾಲೇಜಿನ ಹಿಂಬಾಗಿಲ ಓಣಿಯಲ್ಲಿ ಏಳಕ್ಕೇ ಇದ್ದಿಲ ಒಲೆಗಳು ಹತ್ತಿಕೊಂಡಿರುತ್ತವೆ. ಒಬ್ಬಾಕೆ ‘ಆರ್‌ಕ್ವಾಯ್’ ಸುಡುತ್ತಾಳೆ. ಅಕ್ಕಿಯನ್ನು ಬೇಯಿಸಿ, ಕುಟ್ಟಿ, ರೊಟ್ಟಿಯಂತೆ ತಟ್ಟಿದ ಬಿಳಿಯ ಬಿಲ್ಲೆ. ಕೆಂಡದ ಮೇಲಿನ ಸರಳಿಗೆ ಹಾಕಿದರೆ ಅಲ್ಲಲ್ಲಿ ಗುಳ್ಳೆ ಏಳುತ್ತದೆ, ಅಂಚು ಕಂದುತ್ತದೆ. ಆಕೆ ಅದಕ್ಕೆ ಮೆಣಸಿನ ಚಟ್ನಿ ಸವರಿ, ಹುಳಿಸಿದ ತೋಫುವಿನ ಗೊಜ್ಜು ಬಳಿದು, ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕೋಲೊಂದನ್ನು ನಡುವೆ ಮಲಗಿಸಿ ಮಡಚಿ ಕೊಡುತ್ತಾಳೆ. ಕೆಂಡದ ವಾಸನೆ ಅಂಟಿದ ಅಕ್ಕಿರೊಟ್ಟಿ ಅದು. ಕೈಗೆ ಬಿಸಿ ತಾಗುತ್ತಿರುವಾಗಲೇ ಕಚ್ಚಬೇಕು. ಪಕ್ಕದ ಅಂಗಡಿಯಲ್ಲಿ ಸೋಯಾ ಹಾಲು. ಕಾಫಿಯೂ ಸಿಗುತ್ತದೆ, ಚೀನಾದ ಕಾಫಿಯ ಬಹುಪಾಲು ಬೆಳೆಯುವುದೇ ಯುನ್ನಾನಿನ ಗುಡ್ಡಗಳಲ್ಲಿ. ಆದರೆ ಓಣಿಯ ಬೆಳಗು ಸೋಯಾ ಹಾಲಿನದು.

ಚಳಿಗಾಲವಾದರೆ ಅಲ್ಲಿಂದ ಹಸಿರು ಸರೋವರದ ಏರಿಯ ಮೇಲೆ ಒಂದು ಸುತ್ತು. ಸೈಬೀರಿಯಾದ ಕಡಲಹಕ್ಕಿಗಳು 1985ರ ಚಳಿಗಾಲದಲ್ಲಿ ಮೊದಲ ಸಲ ಈ ಊರಿನೊಳಕ್ಕೆ ಹಿಂಡಾಗಿ ಬಂದವಂತೆ. ಅಂದಿನಿಂದ ವರ್ಷವೂ ತಪ್ಪಿಸಿಲ್ಲ. ಅವಕ್ಕೆಂದೇ ಬ್ರೆಡ್ಡಿನ ಪೊಟ್ಟಣ ಮಾರುತ್ತಾರೆ. ಮುದುಕರು, ಮಕ್ಕಳು ತುಣುಕನ್ನು ಮೇಲಕ್ಕೆ ಹಿಡಿದರೆ ಹಕ್ಕಿ ಗಾಳಿಯಲ್ಲೇ ನಿಂತು ಕೊಕ್ಕಿನಿಂದ ಎತ್ತಿಕೊಳ್ಳುತ್ತದೆ. ದೂರದಿಂದ ಬಂದ ಜೀವಕ್ಕೆ ಈ ಊರು ಮೊದಲು ಉಣಬಡಿಸುತ್ತದೆ, ಉಳಿದದ್ದು ಆಮೇಲೆ.

ನಾನು ಸಸ್ಯಾಹಾರಿ. ಹೊರಡುವ ಮುಂಚೆ ಎಲ್ಲರೂ ನನಗಾಗಿ ಮರುಗಿದ್ದರು. ಬಂದ ವಾರ ಓಣಿಯ ಪುಟ್ಟ ಹೋಟೆಲೊಂದರಲ್ಲಿ ಕಷ್ಟಪಟ್ಟು ಕಲಿತ ವಾಕ್ಯ ಹೇಳಿದೆ: “ಮಾಂಸ ಬೇಡ.” ತೋಫು ಬಂತು, ಮೇಲೆ ಸಾಸಿವೆಯಷ್ಟು ಸಣ್ಣಗೆ ಕೊಚ್ಚಿದ ಹಂದಿಮಾಂಸ ಉದುರಿಸಿತ್ತು. ಅಡುಗೆಯಾತನಲ್ಲಿ ಕಪಟವಿರಲಿಲ್ಲ. ಆತನ ಪಾಲಿಗೆ ಮಾಂಸವೆಂದರೆ ತುಂಡು. ಕೊಚ್ಚಿದ್ದು ನಮ್ಮ ಇಂಗಿನ ಒಗ್ಗರಣೆಯಂತೆ ರುಚಿಗೆ ಹಾಕುವ ವಸ್ತು. ಆ ತಟ್ಟೆಯನ್ನು ನಾನು ಮುಟ್ಟಲಾರದೆ ಎದ್ದಾಗ ಆತನ ಮುಖ ಬಾಡಿದ್ದು ಇವತ್ತಿಗೂ ನೆನಪಿದೆ.

ನಾನು ಹೇಳಬೇಕಿದ್ದ ಪದ ‘ಸೂ’. “ವೊ ಚೀ ಸೂ”, ನಾನು ಸೂ ಉಣ್ಣುವವನು. ಹೀಗೆಂದ ಕೂಡಲೇ ಇಡೀ ಅಂಗಡಿಯ ದನಿ ಬದಲಾಗುತ್ತದೆ. ಬಾಣಲೆ ತೊಳೆಯುವ ಸದ್ದು ಕೇಳಿಸುತ್ತದೆ. ಹಂದಿಕೊಬ್ಬಿನ ಡಬ್ಬಿ ಬದಿಗೆ ಸರಿದು ಸಾಸಿವೆ ಎಣ್ಣೆ ಬರುತ್ತದೆ. “ಬುದ್ಧನನ್ನು ನಂಬುತ್ತೀರಾ?” ಅಂತ ಮೆಲ್ಲಗೆ ಕೇಳುತ್ತಾರೆ. “ಬೆಳ್ಳುಳ್ಳಿ ನಡೆಯುತ್ತದೋ?” ಎಂಬುದು ಮುಂದಿನ ಪ್ರಶ್ನೆ, ಏಕೆಂದರೆ ಇಲ್ಲಿನ ಕಟ್ಟಾ ಬೌದ್ಧರು ಬೆಳ್ಳುಳ್ಳಿ, ಈರುಳ್ಳಿಯ ಜಾತಿಯನ್ನೂ ಮುಟ್ಟುವುದಿಲ್ಲ. ಆ ಪ್ರಶ್ನೆಯನ್ನು ಕುನ್ಮಿಂಗಿನ ಅಡುಗೆಮನೆಯೊಂದರಲ್ಲಿ ಕೇಳಿದಾಗ ನನಗೆ ಉಡುಪಿಯ ಮಠದ ಊಟದ ಸಾಲೇ ಕಣ್ಣ ಮುಂದೆ ಬಂತು. ಆರನೆಯ ಶತಮಾನದಲ್ಲಿ ಲಿಯಾಂಗ್ ವಂಶದ ಅರಸ ವೂ ಭಿಕ್ಷುಗಳಿಗೆ ಮಾಂಸ ಕೂಡದೆಂದು ಕಟ್ಟುಮಾಡಿದ. ಚೀನೀ ಬೌದ್ಧರ ಸಸ್ಯಾಹಾರ ಗಟ್ಟಿಯಾಗಿ ನೆಲೆ ನಿಂತದ್ದರ ಹಿಂದೆ ಅವನ ಒತ್ತಾಸೆ ದೊಡ್ಡದು. ಈಗಲೂ ಎಷ್ಟೋ ಮನೆಗಳ ಹಿರಿಯರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಸೂ ಉಣ್ಣುತ್ತಾರೆ. ನಮ್ಮ ಏಕಾದಶಿ ಲೆಕ್ಕದ ಹಾಗೆ.

ಹೀಗೆ ಒಂದು ಪದ ಸರಿಯಾದದ್ದೇ ತಡ, ಊರು ತೆರೆದುಕೊಂಡಿತು. ಆಡಿನ ಹಾಲನ್ನು ಒಡೆಸಿ ಒತ್ತಿದ ‘ರೂಬಿಂಗ್’ ಸಿಕ್ಕಿತು. ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಹೊಂಬಣ್ಣಕ್ಕೆ ಕರಿದು ಉಪ್ಪು, ಕಾಳಿನ ಪುಡಿ ಮುಟ್ಟಿಸಿ ತಿನ್ನುತ್ತಾರೆ, ಪನ್ನೀರಿಗೆ ಒಡಹುಟ್ಟು. ಪುದೀನ ಕಟ್ಟುಗಟ್ಟಲೆ. ಬಾಳೆಹೂವು ದಾಯ್ ಜನರ ಹೋಟೆಲುಗಳಲ್ಲಿ. ಸಂತೆಯ ಮೂಲೆಯಲ್ಲಿ ಒಂದು ದಿನ ಹುಣಸೆಹಣ್ಣು ಕಂಡು ಅಲ್ಲೇ ನಿಂತುಬಿಟ್ಟೆ. ‘ಹುಳಿಗೋಡು’ ಅಂತ ಅದರ ಹೆಸರು, ಇಲ್ಲಿಯವರು ಸಾರಿಗೆ ಹಾಕುವುದಿಲ್ಲ, ಬಾಯಾಡಲು ತಿನ್ನುತ್ತಾರೆ. ಅರ್ಧ ಕೆ.ಜಿ. ಕೊಂಡು ತಂದು ಅಂದು ಸಂಜೆ ನನ್ನ ಕೋಣೆಯ ಕುಕ್ಕರಿನಲ್ಲಿ ಸಾರು ಮಾಡಿದೆ. ಕ್ಯಾಂಟೀನಿನ ಮೂರನೆಯ ಕಿಟಕಿಯ ‘ಆಯಿ’ ಕೂಡ ನನ್ನ ಪಕ್ಷ. ಆಯಿ ಎಂದರೆ ಚಿಕ್ಕಮ್ಮ. ಬಡಿಸುವ ಹೆಂಗಸರನ್ನೆಲ್ಲ ಮಕ್ಕಳು ಹಾಗೆ ಕರೆಯುತ್ತಾರೆ. ನಾನು ಸರದಿಯಲ್ಲಿ ಕಾಣಿಸಿದೊಡನೆ ಅವರು ಸೌಟಿನ ತುದಿಯಿಂದಲೇ ತೋರಿಸುತ್ತಾರೆ: ಇದು ಆದೀತು, ಇದು ಆಗದು, ಇದು ಆದೀತು.

ಆದರೆ ಏನು ತಿನ್ನುವುದು ಅನ್ನುವುದಕ್ಕಿಂತ ಹೇಗೆ ತಿನ್ನುವುದು ಅನ್ನುವುದೇ ನನಗೆ ದೊಡ್ಡದಾಗಿತ್ತು.

ಸೆಪ್ಟೆಂಬರ್ 10 ಇಲ್ಲಿ ಶಿಕ್ಷಕರ ದಿನ, 1985ರಿಂದ. ನಾನು ಬಂದ ವರ್ಷ ಆ ಸಂಜೆ ವಿಭಾಗದವರೆಲ್ಲ ಹೊರಗೆ ಊಟಕ್ಕೆ ಹೋದೆವು. ಚೀನೀಯರ ದೊಡ್ಡ ಊಟ ಸಾಮಾನ್ಯವಾಗಿ ಹಜಾರದಲ್ಲಲ್ಲ, ಬಾಗಿಲು ಮುಚ್ಚುವ ಕೋಣೆಯಲ್ಲಿ. ಒಂದು ದುಂಡು ಮೇಜು, ಸುತ್ತ ಹನ್ನೆರಡು ಕುರ್ಚಿ. ಕರೆದವರು ಬಾಗಿಲಿಗೆ ಎದುರಾಗಿ ಕೂರುತ್ತಾರೆ, ಮುಖ್ಯ ಅತಿಥಿ ಅವರ ಬಲಕ್ಕೆ. ಅಂದು ಆ ಬಲಗಡೆಯ ಕುರ್ಚಿ ನನ್ನದಾಗಿತ್ತು. ಪ್ರತಿಯೊಬ್ಬರ ಮುಂದೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು ಕಟ್ಟಿದ ಬಟ್ಟಲು, ತಟ್ಟೆ, ಲೋಟ. ಎಲ್ಲರೂ ಕಡ್ಡಿಯ ತುದಿಯಿಂದ ಆ ಹಾಳೆಯನ್ನು ‘ಪಟ್’ ಎಂದು ಒಡೆದು, ಬಿಸಿ ಚಹಾ ಸುರಿದು ಬಟ್ಟಲನ್ನು ಮತ್ತೊಮ್ಮೆ ತೊಳೆದರು. ಉಣ್ಣುವ ಮುಂಚೆ ಎಲೆಗೆ ನೀರು ಚಿಮುಕಿಸುವ ನಮ್ಮ ಕೈಗಳಂತೆಯೇ ಕಂಡವು ಆ ಕೈಗಳು. ತೊಳೆದು ಇಟ್ಟ ಬಟ್ಟಲೋ, ನನ್ನ ಮುಷ್ಟಿಗಿಂತ ಚೂರು ದೊಡ್ಡದು. ಉಳಿದದ್ದೆಲ್ಲ ನಡುವೆ, ತಿರುಗುವ ಗಾಜಿನ ಮೇಲೆ: ಹದಿನಾಲ್ಕು ತಟ್ಟೆ, ಒಂದು ದೊಡ್ಡ ಸಾರಿನ ಪಾತ್ರೆ.

ನಾವು ಬೆಳೆದದ್ದು ಬಾಳೆಲೆಯ ಮುಂದೆ. ಎಲೆಗೆ ಗಡಿಯಿದೆ. ಉಪ್ಪಿಗೆ ಒಂದು ಜಾಗ, ಕೋಸಂಬರಿಗೆ ಒಂದು, ಪಲ್ಯಕ್ಕೆ ಒಂದು. ನನ್ನ ಎಲೆಯದು ನನ್ನದು, ಪಕ್ಕದ ಎಲೆಯದು ಅವರದು. ಬಡಿಸುವ ಸೌಟು ಎಲೆಗೆ ತಾಗಿದರೆ ಅಜ್ಜಿ ಆ ಪಾತ್ರೆಯನ್ನೇ ಒಳಗೆ ಸೇರಿಸುತ್ತಿರಲಿಲ್ಲ. ಎಂಜಲು ಅನ್ನುವುದು ನಮಗೆ ಬರೀ ಪದವಲ್ಲ, ಮೈಯೊಳಗೆ ಕೂತ ನಡವಳಿಕೆ. ಇಲ್ಲಿ ಹನ್ನೆರಡು ಜೊತೆ ಕಡ್ಡಿಗಳು ಬಾಯಿಗೆ ಹೋಗಿ, ಬಂದು, ಅದೇ ತಟ್ಟೆಗೆ ಇಳಿಯುತ್ತಿದ್ದವು. ನನ್ನ ಮುಂದೆ ತೋಫುವಿನ ತಟ್ಟೆ ಬಂದು ನಿಂತಿತು. ನಾನು ಕೈ ಚಾಚಲಿಲ್ಲ. ಚಾಚಲಾಗಲಿಲ್ಲ.

ಎಡಕ್ಕೆ ಕೂತಿದ್ದವರು ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಪ್ರಾಧ್ಯಾಪಕಿ. ಇಲ್ಲಿ ಅತಿಥಿಯ ಬಟ್ಟಲಿಗೆ ತಾವೇ ಆರಿಸಿ ಇಡುವುದು ಅಕ್ಕರೆಯ ಗುರುತು, ಅದಕ್ಕೇ ಒಂದು ಪದವಿದೆ, ‘ಜಿಯಾ ತ್ಸಾಯ್’. ಅವರು ತಮ್ಮ ಕಡ್ಡಿಯಿಂದ ಒಂದು ತುಂಡು ತೋಫು ಎತ್ತಿ ನನ್ನ ಬಟ್ಟಲಲ್ಲಿಟ್ಟರು. ನಾನು ಕೃತಜ್ಞತೆ ಹೇಳಿ ಸುಮ್ಮನಿದ್ದೆ. ಅವರು ನೋಡಿದರು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ರೂಬಿಂಗಿನ ತಟ್ಟೆ ಸುತ್ತಿ ಬಂದಾಗ ಅವರು ತಮ್ಮ ಕಡ್ಡಿಗಳನ್ನು ಬೆರಳಲ್ಲೇ ತಿರುಗಿಸಿ, ಬಾಯಿಗೆ ಮುಟ್ಟದ ಹಿಂದಿನ ತುದಿಯಿಂದ ಒಂದು ಬಿಲ್ಲೆ ಎತ್ತಿ ನನ್ನ ಬಟ್ಟಲಿಗೆ ಹಾಕಿ, ಮತ್ತೆ ಕಡ್ಡಿ ತಿರುಗಿಸಿಕೊಂಡು ತಮ್ಮ ಊಟ ಮುಂದುವರಿಸಿದರು. ಸುತ್ತಲಿನ ಯಾರಿಗೂ ಅದು ಕಾಣಲಿಲ್ಲ.

ನನಗೆ ಪ್ರಾಥಮಿಕ ಶಾಲೆಯ ಅಂಗಳ ನೆನಪಾಯಿತು. ಒಂದೇ ಪೆಪ್ಪರಮೆಂಟು, ಇಬ್ಬರು ಗೆಳೆಯರು. ಅಂಗಿಯ ಚುಂಗನ್ನು ಅದರ ಮೇಲೆ ಹೊದಿಸಿ ಬಟ್ಟೆಯ ಮೇಲಿಂದಲೇ ಕಚ್ಚಿ ಎರಡಾಗಿಸುತ್ತಿದ್ದೆವಲ್ಲ, ಕಾಗೆ ಎಂಜಲು! ಎಂಜಲೂ ಆಗಬಾರದು, ಗೆಳೆಯನಿಗೂ ಸಿಗಬೇಕು. ಆ ಅಂಗಿಯ ಚುಂಗನ್ನು ಈ ತಾಯಿ ಎಲ್ಲಿಂದ ತಂದರು? ಬಿಲ್ಲೆಯನ್ನು ಬಾಯಿಗಿಟ್ಟೆ. ಅದಕ್ಕೂ ಮುಂಚೆ ಇಟ್ಟಿದ್ದ ತೋಫುವನ್ನೂ ತಿಂದೆ. ಆಮೇಲೆ ಗಾಜಿನ ತಟ್ಟೆ ತಿರುಗುತ್ತ ಅಜ್ಜಿಯ ಆಲೂಗಡ್ಡೆ ಬಂದಾಗ ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

ಈ ತಿರುಗುವ ತಟ್ಟೆಯ ಹಿಂದೆ ಒಬ್ಬ ವೈದ್ಯನ ಚಿಂತೆಯಿದೆ ಎಂದು ನನಗೆ ಗೊತ್ತಾದದ್ದು ಆಮೇಲೆ. 1879ರಲ್ಲಿ ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ಡಾಕ್ಟರ್ ವೂ ಲಿಯೆನ್‌ತೆ 1910ರ ಕೊನೆಯಲ್ಲಿ ಹಾರ್ಬಿನ್‌ಗೆ ಹೋಗಿ ಮಂಚೂರಿಯಾದ ಶ್ವಾಸಕೋಶದ ಪ್ಲೇಗಿನ ಎದುರು ನಿಂತವರು. ಬಟ್ಟೆಯ ಮುಖಗವಸು ತೊಡಿಸಿ ಊರನ್ನು ಉಳಿಸಿದವರು. ಒಂದೇ ತಟ್ಟೆಗೆ ಎಲ್ಲರ ಕಡ್ಡಿ ಇಳಿಯುವುದು ಅವರನ್ನೂ ಕಾಡಿತ್ತು. ಎಲ್ಲರಿಗೂ ಬೇರೆ ಬೇರೆ ತಟ್ಟೆ ಕೊಡಿ ಎನ್ನಬಹುದಿತ್ತು. ಅವರು ಹಾಗೆನ್ನಲಿಲ್ಲ. ಒಟ್ಟಿಗೆ ಉಣ್ಣುವುದನ್ನು ಮುರಿಯದೆ, ಮೇಜಿನ ನಡುವೆ ತಿರುಗುವ ಹಲಗೆಯಿಟ್ಟು, ಪ್ರತಿ ತಟ್ಟೆಗೂ ಬಡಿಸುವುದಕ್ಕೆಂದೇ ಒಂದು ಚಮಚ, ಒಂದು ಜೊತೆ ಕಡ್ಡಿ ಇಡುವ ದಾರಿಯನ್ನು 1915ರಲ್ಲಿ ಮುಂದಿಟ್ಟರು. ಹಲಗೆ ಎಲ್ಲೆಡೆ ಹಬ್ಬಿತು, ಬಡಿಸುವ ಕಡ್ಡಿ ಮರೆತುಹೋಯಿತು. 2020ರ ಕೋವಿಡ್ ಕಾಲದಲ್ಲಿ ಸರ್ಕಾರವೇ ಅದನ್ನು ನೆನಪಿಸಿ ಪ್ರಚಾರ ಮಾಡಿತು. ಈಗ ಒಳ್ಳೆಯ ಹೋಟೆಲುಗಳಲ್ಲಿ ಬೇರೆ ಬಣ್ಣದ ಉದ್ದನೆಯ ‘ಸಾರ್ವಜನಿಕ ಕಡ್ಡಿ’ ಇಟ್ಟಿರುತ್ತಾರೆ. ನನ್ನ ಅಜ್ಜಿ ಆ ಡಾಕ್ಟರನ್ನು ಮೆಚ್ಚುತ್ತಿದ್ದರು.

ಅಂದು ಸಂಜೆ ಮದ್ಯದ ಪುಟ್ಟ ಲೋಟಗಳು ಎದ್ದಾಗ ನಾನು ಚಹಾ ಎತ್ತಿದೆ. ‘ಮದ್ಯಕ್ಕೆ ಬದಲು ಚಹಾ’ ಎನ್ನುವುದಕ್ಕೆ ಇಲ್ಲಿ ಹಳೆಯ ಒಪ್ಪಿಗೆಯ ಮಾತೇ ಇದೆ. ಹಿರಿಯರ ಲೋಟಕ್ಕೆ ತಾಗಿಸುವಾಗ ನಮ್ಮದರ ಅಂಚು ತಗ್ಗಿರಬೇಕು. ಅವರೂ ವಿನಯದಿಂದ ತಗ್ಗಿಸುತ್ತಾರೆ, ನಾವು ಇನ್ನಷ್ಟು ತಗ್ಗಿಸುತ್ತೇವೆ, ಹಾಗೇ ಎರಡೂ ಲೋಟ ಮೇಜಿನ ಮಟ್ಟಕ್ಕೆ ಬಂದುಬಿಡುತ್ತವೆ. ಅನ್ನದಲ್ಲಿ ಕಡ್ಡಿಯನ್ನು ನೆಟ್ಟಗೆ ಚುಚ್ಚಬಾರದು, ಅದು ಸತ್ತವರ ಮುಂದೆ ಊದುಬತ್ತಿ ಹಚ್ಚಿದಂತೆ. ಬಟ್ಟಲನ್ನು ಕಡ್ಡಿಯಿಂದ ಬಡಿಯಬಾರದು, ಭಿಕ್ಷೆಯ ಸದ್ದು ಅದು. ಊಟ ಮುಗಿದಾಗ ಬಿಲ್ಲಿಗಾಗಿ ತಳ್ಳಾಟ. ಅದನ್ನು ಯಾರೂ ನನಗೆ ಕಲಿಸಬೇಕಿರಲಿಲ್ಲ.

ಜೂನ್ ಹೊತ್ತಿಗೆ ಮಳೆ ಹಿಡಿಯುತ್ತದೆ, ಊರಿಗೆ ಊರೇ ಅಣಬೆಯ ಮಾತಾಡತೊಡಗುತ್ತದೆ. ಮೂಶ್ವೇಹ್ವಾ ಮಾರುಕಟ್ಟೆಯಲ್ಲಿ ಬುಟ್ಟಿಗಟ್ಟಲೆ, ಮಣ್ಣು ಮೆತ್ತಿಕೊಂಡೇ. ಬಿದಿರ ಬಲೆ ತೊಟ್ಟಂಥವು, ಹಳದಿಯವು, ಬೊಗಸೆ ತುಂಬುವಷ್ಟು ದಪ್ಪನೆಯವು. ಅವುಗಳಲ್ಲಿ ‘ಜಿಝೋಂಗ್’ ಎಂಬುದನ್ನು ಕಂಡಾಗ ಗುರುತು ಹತ್ತಿತು: ಗೆದ್ದಲಗೂಡಿನ ಮೇಲೆ ಏಳುವ ಅಣಬೆ. ಮಲೆನಾಡಿನಲ್ಲಿ ಮೊದಲ ಗುಡುಗಿನ ನಂತರ ಹುತ್ತದ ಬುಡದಲ್ಲಿ ಏಳುವುದೂ ಇದೇ ಕುಲ. ನಮ್ಮ ಮನೆಯೊಳಗೆ ಅಣಬೆ ಬರುತ್ತಿರಲಿಲ್ಲ. ತೋಟದ ಕೆಲಸಕ್ಕೆ ಬರುತ್ತಿದ್ದವರು ಕೊಟ್ಟೆ ಕಟ್ಟಿಕೊಂಡು ಒಯ್ಯುವುದನ್ನು, ಅವರ ಕಣ್ಣಿನ ಹೊಳಪನ್ನು ದೂರದಿಂದ ನೋಡಿದ್ದೆ. ಅವರು ತಿಂದ ರುಚಿ ಏನೆಂದು ನನಗೆ ತಿಳಿದದ್ದು ಮೂವತ್ತೈದು ವರ್ಷ ಕಳೆದು, ಇಲ್ಲಿ.

ಆಗ ನನ್ನ ಜೊತೆ ಇದ್ದವರು ಐವರು ವಿದ್ಯಾರ್ಥಿಗಳು. ಕೋಳಿ ಸಾರಿನ ಬದಲು ಬರೀ ನೀರು ಹಾಕಿ ಎಂದು ಮೊದಲೇ ಹೇಳಿಟ್ಟಿದ್ದರು. ಮೇಜಿನ ನಡುವೆ ಒಲೆ, ಅದರ ಮೇಲೆ ಪಾತ್ರೆ. ಬಡಿಸುವ ಹುಡುಗಿ ‘ಜಿಯೆನ್ ಶೌ ಚಿಂಗ್’ ಅಣಬೆಯ ಹೋಳುಗಳನ್ನು ಸುರಿದಳು. ಆ ಹೆಸರಿಗೆ ‘ಕೈ ಸೋಕಿದರೆ ನೀಲಿ’ ಎಂದು ಅರ್ಥ. ಮುಟ್ಟಿದರೆ ಮುನಿ ಗಿಡ ಎಲೆ ಮಡಚಿಕೊಂಡರೆ ಇದು ಬಣ್ಣ ತಿರುಗುತ್ತದೆ. ಹಳದಿ ಹೋಳಿನ ಮೇಲೆ ಬೆರಳೊತ್ತಿದ ಕಡೆ ಶಾಯಿ ಚೆಲ್ಲಿದಂತೆ. ಅರೆಬೆಂದರೆ ಇದು ವಿಷ. ತಿಂದವರಿಗೆ ಕಣ್ಣೆದುರು ಗೇಣುದ್ದದ ಮನುಷ್ಯರು ಕುಣಿದಾಡುವುದು ಕಾಣಿಸುತ್ತದಂತೆ, ಆಸ್ಪತ್ರೆ ಸೇರಬೇಕಾಗುತ್ತದೆ. 2023ರ ಜುಲೈನಲ್ಲಿ ಅಮೆರಿಕದ ಹಣಕಾಸು ಸಚಿವೆ ಜಾನೆಟ್ ಯೆಲೆನ್ ಬೀಜಿಂಗಿನ ಯುನ್ನಾನ್ ಹೋಟೆಲೊಂದರಲ್ಲಿ ಇದನ್ನೇ ತಿಂದರೆಂದು ಚೀನಾ ತುಂಬ ಸುದ್ದಿಯಾಗಿತ್ತು. ಚೆನ್ನಾಗಿ ಬೆಂದಿದ್ದರಿಂದ ಅವರಿಗೇನೂ ಆಗಲಿಲ್ಲ.

ಹುಡುಗಿ 20 ನಿಮಿಷಕ್ಕೆ ಗಡಿಯಾರ ತಿರುಗಿಸಿಟ್ಟು, ನಮ್ಮ ಮುಂದಿದ್ದ ಕಡ್ಡಿ, ಬಟ್ಟಲುಗಳನ್ನೆಲ್ಲ ಎತ್ತಿಕೊಂಡು ಹೊರಟುಹೋದಳು. ಗಂಟೆ ಹೊಡೆಯುವ ಮುಂಚೆ ಯಾರೂ ರುಚಿ ನೋಡಬಾರದು. ಆ ಇಪ್ಪತ್ತು ನಿಮಿಷ ನಾನು ಮಕ್ಕಳಿಗೆ ಇಲ್ಲಿ ನೀರು ಏಕೆ ಬೇಗ ಕುದಿಯುತ್ತದೆ, ಅಣಬೆ ಏಕೆ ಹೆಚ್ಚು ಹೊತ್ತು ಬೇಯಬೇಕು ಎಂದು ಕರವಸ್ತ್ರದ ಕಾಗದದ ಮೇಲೆ ರೇಖೆ ಎಳೆದು ತೋರಿಸಿದೆ. ಅವರು ತಮ್ಮ ಊರಿನ ಕಾಡು ಹೇಳಿದರು. ಒಬ್ಬಳ ಅಜ್ಜಿಗೆ ಜಿಝೋಂಗ್ ಏಳುವ ಜಾಗ ಗೊತ್ತಂತೆ. ಮಗನಿಗೂ ಹೇಳಿಲ್ಲ, ಮೊಮ್ಮಗಳಿಗೆ ಮಾತ್ರ ತೋರಿಸಿದ್ದಾರಂತೆ. ಗಂಟೆ ಹೊಡೆಯಿತು. ಹುಡುಗಿ ಬಂದು ಮೊದಲು ಒಂದು ಚಮಚ ಸಾರನ್ನು ಪುಟ್ಟ ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ಎತ್ತಿಟ್ಟುಕೊಂಡಳು, ಯಾರಿಗಾದರೂ ಹೆಚ್ಚುಕಡಿಮೆಯಾದರೆ ಪರೀಕ್ಷೆಗೆ ಬೇಕಲ್ಲ. ಆಮೇಲೆ ನಮಗೆ ಕಡ್ಡಿ ಕೊಟ್ಟಳು. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ.

ಅದೇ ಮಕ್ಕಳಲ್ಲಿ ಇಬ್ಬರು ನವೆಂಬರಿನಲ್ಲಿ ನನ್ನನ್ನು ಜಿಯೆನ್‌ಶ್ವೇಗೆ ಕರೆದೊಯ್ದರು. ಕುನ್ಮಿಂಗಿನ ದಕ್ಷಿಣಕ್ಕೆ ರೈಲಿನಲ್ಲಿ ಹೋಗುವ ಹಳೆಯ ಊರು. 1285ರಲ್ಲಿ ಕಟ್ಟಿದ ಕನ್‌ಫ್ಯೂಷಿಯಸ್ ಗುಡಿ ಅಲ್ಲಿದೆ. ಪರೀಕ್ಷೆ ಬರೆಯುವ ಮಕ್ಕಳು ಈಗಲೂ ಅಲ್ಲಿ ಕೈಮುಗಿಯುತ್ತಾರೆ. ನನ್ನ ಮಕ್ಕಳೂ ಮುಗಿದರು, ಕಲನಶಾಸ್ತ್ರದ ಹೆಸರು ಹೇಳಿಯೇ ಬೇಡಿದರು. ಆ ಊರಿನ ತೋಫುವಿಗೆ ಅಲ್ಲಿನ ಹಳೆಯ ಬಾವಿಗಳ ನೀರೇ ಬೇಕು ಎನ್ನುತ್ತಾರೆ. ಸಂಜೆ ಬಾವಿಕಟ್ಟೆಯ ಬಳಿ ನಿಂತರೆ ಈಗಲೂ ಜನ ಹಗ್ಗ ಬಿಟ್ಟು ನೀರು ಸೇದುತ್ತಿರುತ್ತಾರೆ. ಕಲ್ಲಿನ ಬಾಯಿಯ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಹೂಳುವಷ್ಟು ಆಳದ ಗೀರುಗಳು.

ಕತ್ತಲಾದ ಮೇಲೆ ಸುಟ್ಟ ತೋಫುವಿನ ಅಂಗಡಿಗೆ ಹೋದೆವು. ಅಂಗಡಿ ಎಂದರೆ ಒಂದು ಇದ್ದಿಲ ಒಲೆ, ಮೇಲೆ ಕಬ್ಬಿಣದ ಸರಳಿನ ಜಾಲರಿ, ಸುತ್ತ ಗಿಡ್ಡ ಮಣೆಗಳು. ಗುರುತಿಲ್ಲದ ಗಿರಾಕಿಗಳೆಲ್ಲ ಒಂದೇ ಬೆಂಕಿಯ ಸುತ್ತ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಒಲೆಯ ಹಿಂದೆ ಅಜ್ಜಿ. ಚಿಕ್ಕ ಚಿಕ್ಕ ಚೌಕದ ತೋಫುಗಳನ್ನು ಬರಿ ಕಡ್ಡಿಯಿಂದ ಹೊರಳಿಸುತ್ತ ಇರುತ್ತಾರೆ. ಮೊದಲು ಮೈ ಬಿಗಿಯುತ್ತದೆ, ಆಮೇಲೆ ಒಳಗಿನ ಹಬೆಗೆ ಪೂರಿಯಂತೆ ಉಬ್ಬುತ್ತದೆ. ಉಬ್ಬಿದ್ದನ್ನು ಎತ್ತಿಕೊಂಡು, ಒಣಮೆಣಸಿನ ಪುಡಿಗೋ ಕೊತ್ತಂಬರಿ ಸೊಪ್ಪಿನ ಗೊಜ್ಜಿಗೋ ಅದ್ದಿ ಬಾಯಿಗೆ. ಗಿರಾಕಿ ಒಂದು ಎತ್ತಿಕೊಂಡರೆ ಅಜ್ಜಿ ಒಂದು ಮೆಕ್ಕೆಜೋಳದ ಕಾಳನ್ನು ಅವರ ಹೆಸರಿನ ಬಟ್ಟಲಿಗೆ ಹಾಕುತ್ತಾರೆ, ‘ಟಿಣ್’. ಕಣ್ಣು ಬೆಂಕಿಯ ಮೇಲೆಯೇ. ಎಂಟು ಜನ, ಎಲ್ಲ ಕಡೆಯಿಂದ ಕೈ, ಒಂದು ಕಾಳೂ ತಪ್ಪುವುದಿಲ್ಲ. ಲೆಕ್ಕ ಕಲಿಸುವ ನಾನು ಮಣೆಯ ಮೇಲೆ ಕೂತು ಆ ಕೈಯನ್ನೇ ನೋಡುತ್ತಿದ್ದೆ.

ಎದುರು ಕೂತಿದ್ದ ಲಾರಿ ಡ್ರೈವರ್‌ಗೆ ಒಂದು ಬಟ್ಟಲಿತ್ತು. ಅವನ ಪಕ್ಕದ ದಂಪತಿಗೆ ಒಂದು. ನನಗೂ ಇಬ್ಬರು ಮಕ್ಕಳಿಗೂ ಸೇರಿ ಒಂದೇ. ಎದ್ದಾಗ ನನ್ನದೆಷ್ಟು ಎಂದು ಕೇಳಿದೆ, ನನ್ನ ಪಾಲು ನಾನೇ ಕೊಡೋಣವೆಂದು. ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನ್ನ ಉಚ್ಚಾರ ತಪ್ಪಿರಬೇಕೆಂದು ಹುಡುಗಿ ಮತ್ತೊಮ್ಮೆ ಕೇಳಿದಳು. ಅಜ್ಜಿ ಬಟ್ಟಲನ್ನು ಎತ್ತಿ ನಮ್ಮ ಮುಂದೆ ಹಿಡಿದರು. ಕಾಳುಗಳೆಲ್ಲ ಒಂದರೊಳಗೊಂದು ಬೆರೆತು ಕೂತಿದ್ದವು. ಎರಡೆರಡಾಗಿ ಎಣಿಸಿದರು: 47.

ನಾನು ಫೋನು ತೆಗೆಯುವಷ್ಟರಲ್ಲಿ ಹುಡುಗ ಗೋಡೆಯ ಮೇಲಿನ ಚೌಕಕ್ಕೆ ತನ್ನದನ್ನು ಹಿಡಿದಾಗಿತ್ತು. ಹಣ ಬಂತೆಂದು ಮೂಲೆಯ ಪೆಟ್ಟಿಗೆ ಕೂಗಿತು. “ಲಾವ್‌ಶಿ, ಮುಂದಿನ ಸಲ ನೀವು” ಎಂದ. ಅಜ್ಜಿ ಆಗಲೇ ನಮ್ಮ 47 ಕಾಳುಗಳನ್ನು ಡಬ್ಬಿಗೆ ಸುರಿದು, ಬಟ್ಟಲನ್ನು ಬಟ್ಟೆಯಿಂದ ಒರೆಸಿ, ನಾವೆದ್ದ ಮಣೆಗೆ ಬಂದು ಕೂತ ಹುಡುಗನ ಮುಂದೆ ಖಾಲಿ ಇಡುತ್ತಿದ್ದರು.